ಕಾಲೇಜಿನಲ್ಲಿ ಒಂದು ನೋಟ್ಸ್, ಮನೆಯಲ್ಲಿ ಇನ್ನೊಂದು

ಪ್ರಶ್ನೆ: ಪಿಯು ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಬಾದಾಮಿ ಚಾಲುಕ್ಯರ ನೋಟ್ಸ್ ಒಂದೇ ದೊಡ್ಡ ಫೈಲಿನಲ್ಲಿದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಐಹೊಳೆ ಶಾಸನದ ಬಗ್ಗೆ ಎರಡು ಪುಟ ಸೇರಿಸಿ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ಮನೆಯಲ್ಲಿ ಲ್ಯಾಪ್‌ಟಾಪಿನ ಹಳೇ ಫೈಲಿಗೆ ಪಟ್ಟದಕಲ್ಲಿನ ಭಾಗ ಬರೆದು, ಅದನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡುವಾಗ ‘ರಿಪ್ಲೇಸ್’ ಒತ್ತಿದೆ. ಶಾಸನದ ಭಾಗ ಹೋಯಿತು. ಎರಡೂ ಕಡೆ ಒಂದೇ ನೋಟ್ಸ್ ಇರಬೇಕು ಅಂದರೆ ಏನು ಮಾಡಲಿ?
— ಉಪನ್ಯಾಸಕಿ, ಜಮಖಂಡಿ

ಉತ್ತರ: ಮೇಡಮ್, ಮೊದಲು ಕಾಲೇಜಿನ ಕಂಪ್ಯೂಟರ್ ನೋಡಿ. ಪೆನ್‌ಡ್ರೈವಿನ ಫೈಲನ್ನು ಅದಕ್ಕಿನ್ನೂ ಹಾಕಿಲ್ಲ ಅಂದರೆ ಆ ಎರಡು ಪುಟ ಅಲ್ಲೇ ಇರುತ್ತವೆ. ಬೇರೆ ಹೆಸರು ಕೊಟ್ಟು ಇವತ್ತೇ ಕಾಪಿ ಮಾಡಿಟ್ಟುಕೊಳ್ಳಿ.

ಎರಡೂ ಕಂಪ್ಯೂಟರಿನಲ್ಲಿ ಫೈಲನ್ನು ತಾನಾಗಿಯೇ ಒಂದೇ ಥರ ಇಡುವ, ಅಂದರೆ ಸಿಂಕ್ ಮಾಡುವ ಸಾಫ್ಟ್‌ವೇರ್‌ಗಳಿಗೆ ಬರವಿಲ್ಲ. ಗೂಗಲ್ ಡ್ರೈವಿನಲ್ಲಿ 15 ಜಿಬಿ ಪುಕ್ಕಟೆ ಸಿಗುತ್ತದೆ, ನೋಟ್ಸಿಗೆ ಬೇಕಾದಷ್ಟಾಯಿತು. ಬೇರೆಯವರ ಸರ್ವರಿನಲ್ಲಿ ಇಡಲು ಮನಸ್ಸಿಲ್ಲದವರಿಗೆ ಸಿಂಕ್‌ಥಿಂಗ್ ಇದೆ. ಅದೂ ಪುಕ್ಕಟೆ. ಫೈಲ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ, ಆದರೆ ಎರಡೂ ಒಟ್ಟಿಗೆ ಆನ್ ಇರಬೇಕು. ಸಂಜೆ ನೀವು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಕಾಲೇಜಿನದು ಬಂದ್ ಆಗಿರುತ್ತದೆ, ಅಲ್ವಾ? ನಿಮಗೆ ಗೂಗಲ್ ಡ್ರೈವೇ ಸರಿ.

ಆದರೆ ಡ್ರೈವ್ ಹಾಕಿಕೊಂಡ ಮಾತ್ರಕ್ಕೆ ತೊಂದರೆ ತೀರುವುದಿಲ್ಲ. ಇಂಥ ಸಾಫ್ಟ್‌ವೇರ್ ನೀವು ಬರೆದದ್ದನ್ನು ಸಾಲು ಸಾಲಾಗಿ ಓದಿ ಹೊಂದಿಸುವುದಿಲ್ಲ. ಇಡೀ ಫೈಲನ್ನೇ ಒಂದು ಗಂಟಿನ ಹಾಗೆ ಎತ್ತಿ ಇಡುತ್ತದೆ. ಕಾಲೇಜಿನಲ್ಲಿ ನೆಟ್ ಇಲ್ಲದಾಗ ತಿದ್ದಿದ್ದು ಡ್ರೈವಿಗೆ ಹೋಗುವ ಮೊದಲೇ ಮನೆಯಲ್ಲೂ ಅದೇ ಫೈಲ್ ತಿದ್ದಿದಿರಿ ಅಂತಿಟ್ಟುಕೊಳ್ಳಿ. ಒಂದಿದ್ದ ಫೈಲ್ ಎರಡಾಗಬಹುದು. ಸಿಂಕ್‌ಥಿಂಗ್ ಆದರೆ ಒಂದರ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ತಾರೀಖು, ಹೊತ್ತು ಸಮೇತ ಸೇರಿಸುತ್ತದೆ. ಅಂಥ ಫೈಲ್ ಕಂಡರೆ ಕಸ ಅಂತ ದಯವಿಟ್ಟು ಅಳಿಸಬೇಡಿ. ಒಂದು ಕಡೆ ಬರೆದದ್ದು ಅದರಲ್ಲಿ ಮಾತ್ರ ಇರುತ್ತದೆ.

ಅದಕ್ಕೇ ಆ ದೊಡ್ಡ ಫೈಲನ್ನು ಒಡೆಯಿರಿ. ಪುಲಿಕೇಶಿಗೆ ಒಂದು, ಐಹೊಳೆ ಶಾಸನಕ್ಕೆ ಒಂದು, ಪಟ್ಟದಕಲ್ಲಿಗೆ ಒಂದು. ಕಾಲೇಜಿನಲ್ಲಿ ಕವಿ ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಐಹೊಳೆ ಶಾಸನದ ಬಗ್ಗೆ ಬರೆದು, ಮನೆಯಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಬಗ್ಗೆ ಬರೆದರೆ ಎರಡೂ ಬೇರೆ ಬೇರೆ ಫೈಲು. ಒಂದು ಇನ್ನೊಂದರ ಮೇಲೆ ಕೂರುವ ಪ್ರಶ್ನೆಯೇ ಬರುವುದಿಲ್ಲ. ಯಾವ ಸಾಫ್ಟ್‌ವೇರ್ ಅನ್ನುವುದಕ್ಕಿಂತ ಇದೇ ಜಾಸ್ತಿ ಮುಖ್ಯ ಅಂತ ನಾನು ಹೇಳುತ್ತೇನೆ. ಕಾಲೇಜು ಬಿಡುವ ಮುಂಚೆ ಫೈಲ್ ಸೇವ್ ಮಾಡಿ, ಮುಚ್ಚಿ, ಅಪ್‌ಲೋಡ್ ಮುಗಿದಿದೆಯಾ ಅಂತ ನೋಡಿಯೇ ಕಂಪ್ಯೂಟರ್ ಬಂದ್ ಮಾಡಿ.

ಸಿಂಕ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಡ್ರೈವಿನ ಟ್ರ್ಯಾಶ್‌ನಲ್ಲಿ ಅದು ಉಳಿಯುವುದು 30 ದಿನ ಮಾತ್ರ. ವಾರಕ್ಕೊಮ್ಮೆ ಇಡೀ ಫೋಲ್ಡರನ್ನು ಆ ದಿನದ ತಾರೀಖು ಹಾಕಿ ಬೇರೆ ಕಡೆ ಕಾಪಿ ಮಾಡಿ.

ಇನ್ನೊಂದು ಮಾತು. ನೋಟ್ಸನ್ನು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊಬೈಲಿನಲ್ಲಿ ತೆರೆದಾಗ ಸುಮ್ನೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಸಿಂಕ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಮೊಬೈಲು, ಕಂಪ್ಯೂಟರು ಎಲ್ಲಕ್ಕೂ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಕೊಂಡರೆ ಸರಿಹೋಗುತ್ತದೆ. ಫೈಲ್ ಒಡೆಯುವಾಗಲೇ ಆ ಕೆಲಸವನ್ನೂ ಮುಗಿಸಿಬಿಡಿ.