ತಿಂಗಳು ಹೇಳಿ, ಬೆಟ್ಟ ಹೇಳುತ್ತೇನೆ

ರಾಷ್ಟ್ರೀಯ ಉದ್ಯಾನಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಎಲ್ಲರೂ ಜಾಗದ ಹೆಸರು ಬರೆದಿದ್ದೀರಿ. ಯಾವ ತಿಂಗಳು ಹೊರಡುತ್ತೀರಿ ಎಂದು ಬರೆದವರು ಇಬ್ಬರೇ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವಳು ನಾನು, ತಾರೀಖಿಲ್ಲದ ಚಲನ್ನನ್ನು ವಾಪಸ್ ತಳ್ಳಿ ಅಭ್ಯಾಸ. ಈ ಸಲ ತಳ್ಳದೆ ಉತ್ತರಿಸಿದ್ದೇನೆ.

ನಾವು ಐದು ಜನ ಗೆಳೆಯರು. ಕರ್ನಾಟಕದ ಐದೂ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೊಂದು ಚಾರಣ ಮಾಡುವ ಆಸೆ. ಬಂಡೀಪುರದಿಂದ ಶುರು ಮಾಡಬಹುದೇ?
– ಓದುಗರು, ದಾವಣಗೆರೆ

ಬಂಡೀಪುರದಿಂದ ಶುರು ಮಾಡಿದರೆ ನಿಮ್ಮ ಚಾರಣ ಅಲ್ಲೇ ಮುಗಿಯುತ್ತದೆ. ಬಂಡೀಪುರ, ನಾಗರಹೊಳೆ ಎರಡೂ ಹುಲಿಯ ಕಾಡು. ಸಫಾರಿ ಜೀಪಿನಿಂದ ಕಾಲು ಕೆಳಗಿಡುವಂತಿಲ್ಲ. ಬಂಡೀಪುರದಲ್ಲಂತೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಹೆದ್ದಾರಿಯನ್ನೇ ಮುಚ್ಚುತ್ತಾರೆ, 2009ರಿಂದ. ಅಣಶಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಂದು ಭಾಗ, ಅಲ್ಲೂ ಮನಬಂದ ಕಡೆ ನಡೆಯಲಾಗದು. ಬನ್ನೇರುಘಟ್ಟ ಎಂದರೆ ನಮಗೆಲ್ಲ ಮೃಗಾಲಯ, ಸಿಂಹದ ಸಫಾರಿ. ಅದರ ಹಿಂದಿನ ಕಾಡು ಆನೆಗಳದ್ದು. ಉಳಿದದ್ದು ಕುದುರೆಮುಖ ಒಂದೇ. ಐದರ ಲೆಕ್ಕ ಬಿಡಿ, ಈ ಒಂದಕ್ಕೇ ಐದು ಸಲ ಹೋಗಬಹುದು.

ಸುಮಾರು 600 ಚದರ ಕಿಲೋಮೀಟರ್‌ನ ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದರೊಳಗೇ ಇದೆ. ನೆಲದಲ್ಲಿ ಕಬ್ಬಿಣದ ಅದಿರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವುದು ಆ ಕಾಲದ ಗಣಿ ಹೂಳು, ದಾರಿಯಲ್ಲಿ ಹೋಗುವಾಗ ಅದನ್ನು ಕೆರೆ ಎಂದುಕೊಂಡು ಫೋಟೋ ತೆಗೆಯುವವರೇ ಹೆಚ್ಚು.

ಕುದುರೆಮುಖ ಶಿಖರಕ್ಕೆ ಸಂಸೆ ಕಡೆಯಿಂದ ಮುಳ್ಳೋಡಿಗೆ ಬಂದು ಹತ್ತಬೇಕು. ಹಳಬರು ಈ ಬೆಟ್ಟವನ್ನು ಸಂಸೆಪರ್ವತ ಎಂದೇ ಕರೆಯುತ್ತಿದ್ದರು. ಮುಳ್ಳೋಡಿಯವರೆಗಿನ ಕೊನೆಯ ದಾರಿಗೆ ಜೀಪೇ ಗತಿ. ಆ ಕುಲುಕಾಟಕ್ಕೆ ತಿಂದ ಇಡ್ಲಿ ಗಂಟಲಿಗೆ ಬರುತ್ತದೆ, ತಿಂಡಿಯನ್ನು ಮೇಲೆ ಹೋಗಿ ತಿನ್ನಿ. ಹೋಗಿಬರುವುದು ಸೇರಿ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಇಡೀ ದಿನದ ಕೆಲಸ. ರಾತ್ರಿ ಮೇಲೆ ಉಳಿಯುವಂತಿಲ್ಲ, ಟೆಂಟಿನ ಆಸೆಯನ್ನು ಮನೆಯಲ್ಲೇ ಮಡಚಿಡಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ.

ನಾನು ಮೊದಲ ಸಲ ಹೋದಾಗ ಒಂಟಿಮರದ ಹತ್ತಿರ ಬಲಗಾಲಿನ ಶೂ ಬಾಯಿ ತೆರೆಯಿತು. ಐದು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಶೂ. ನೋಡಲು ಹೊಸದು, ಒಳಗೆ ಗೋಂದು ಒಣಗಿ ಪುಡಿ. ಪ್ರತಿ ಹೆಜ್ಜೆಗೂ ಅಡಿ ಪದರ ‘ಟಪ್’ ಎಂದು ನೆಲಕ್ಕೆ ಹೊಡೆದು ಒಂದು ಮುಷ್ಟಿ ಕೆಸರು ಒಳಗೆಳೆಯುತ್ತಿತ್ತು. ನಮ್ಮ ಗೈಡ್ ಹುಡುಗ ಮಾತಾಡದೆ ಚೀಲದಿಂದ ಸುತಲಿ ತೆಗೆದು, ಬಾಳೆಗೊನೆಗೆ ಕಟ್ಟುವ ಹಾಗೆ ಮೂರು ಸುತ್ತು ಬಿಗಿದ. ‘ವಾರಕ್ಕೊಬ್ಬರು ಇರ್ತಾರೆ ಮೇಡಂ’ ಅಂದ. ಸುತಲಿ ಶಿಖರ ನೋಡಿತು, ವಾಪಸ್ಸೂ ಬಂತು. ಆದ್ದರಿಂದ ಹೊರಡುವ ಹದಿನೈದು ದಿನ ಮುಂಚೆ ಶೂ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿಬನ್ನಿ.

ಮೇಲೆ ಏನು ಕಾಣುತ್ತದೆ ಅಂದರೆ, ಹುಲ್ಲು. ಗುಡ್ಡದ ಬೆನ್ನೆಲ್ಲ ಬರೀ ಹುಲ್ಲು, ಎರಡು ಗುಡ್ಡಗಳ ಮಡಿಲಿನಲ್ಲಿ ಮಾತ್ರ ಕಪ್ಪಗೆ ಒತ್ತಿಕೊಂಡ ಶೋಲಾ ಕಾಡು. ಯಾರೋ ಕಡಿದು ಬೋಳಿಸಿದ್ದಾರೆ ಎಂದು ನನ್ನ ಜೊತೆ ಬಂದವರೊಬ್ಬರು ಮರುಗಿದ್ದರು. ಹಾಗಲ್ಲ, ಅದರ ರೂಪವೇ ಅದು. ಮಳೆನೀರನ್ನು ಹುಲ್ಲು ಹಿಡಿದು ಇಂಗಿಸುತ್ತದೆ, ಶೋಲಾದ ಬುಡದಿಂದ ಅದು ಬೇಸಿಗೆಯಲ್ಲೂ ತೊಟ್ಟಿಕ್ಕುತ್ತದೆ. ಶೋಲಾದೊಳಗೆ ಹೊಕ್ಕ ಕೂಡಲೇ ಕನ್ನಡಕದ ಮೇಲೆ ಮಂಜು ಕೂರುತ್ತದೆ, ಹೊರಗೆ ಬಿಸಿಲಿದ್ದರೂ.

ತಿಂಗಳು? ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಜುಲೈನಲ್ಲಿ ಹೋದರೆ ಮುಂದಿನವರ ರೇನ್‌ಕೋಟ್ ಬಿಟ್ಟು ಬೇರೇನೂ ಕಾಣದು. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯ, ಇಲಾಖೆಯೇ ದಾರಿ ಮುಚ್ಚುತ್ತದೆ. ಇನ್ನೊಂದು ಮಾತು. ನಡೆಯಲು ಹೆಸರಾದ ಬೆಟ್ಟಗಳು ಎಷ್ಟೋ ರಾಷ್ಟ್ರೀಯ ಉದ್ಯಾನದಲ್ಲಿ ಇಲ್ಲವೇ ಇಲ್ಲ. ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದ್ದು, ಇರ್ಪಿನಿಂದ ಹತ್ತುವ ಬ್ರಹ್ಮಗಿರಿಯೂ ಅಭಯಾರಣ್ಯ, ಮುಳ್ಳಯ್ಯನಗಿರಿ ಎರಡೂ ಅಲ್ಲ. ಕುಮಾರಪರ್ವತಕ್ಕೆ ಸಾಲುರಜೆಯಲ್ಲಿ ಮಾತ್ರ ಹೋಗಬೇಡಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಜಾತ್ರೆಯನ್ನು ಎಲ್ಲರೂ ನೋಡಿದ್ದೇವೆ.

ಒಂಬತ್ತು ಮತ್ತು ಹನ್ನೆರಡು ವರ್ಷದ ಮಕ್ಕಳಿದ್ದಾರೆ. ತೀರಾ ಕಷ್ಟವಿಲ್ಲದ, ನೋಟ ಚೆನ್ನಾಗಿರುವ ಜಾಗ ಬೇಕು.
– ಓದುಗರು, ಮಂಡ್ಯ

ನಡೆಯುವುದೇ ಬೇಡ ಎಂದಾದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬಂಡೀಪುರದ ಅಂಚಿನಲ್ಲೇ ಇದೆ, ನಿಮಗೆ ಹತ್ತಿರವೂ ಹೌದು. ಸ್ವಂತ ಗಾಡಿ ಕೆಳಗೆ ನಿಲ್ಲಿಸಿ ಬಸ್ಸಿನಲ್ಲಿ ಹೋಗಬೇಕು. ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಮಂಜು ಸರಿದಾಗ ಕೆಳಗಿನ ಇಳಿಜಾರಿನಲ್ಲಿ ಕಪ್ಪು ಬಂಡೆ ಅಲುಗಿದರೆ ಅದು ಆನೆ. ಮಕ್ಕಳನ್ನು ನಡೆಸಲೇಬೇಕೆಂದರೆ ಕುದುರೆಮುಖದ ಕಡೆಯ ಕುರಿಂಜಾಲ್ ಅಥವಾ ಗಂಗಡಿಕಲ್ಲು. ಎರಡೂ ಶಿಖರದ ದಾರಿಗಿಂತ ಎಷ್ಟೋ ಸುಲಭ. ‘ನೋಟ’ ಮಕ್ಕಳಿಗೆ ಐದು ನಿಮಿಷಕ್ಕೆ ಸಾಕಾಗುತ್ತದೆ, ಕೋಡುಬಳೆ ಜಾಸ್ತಿ ಇಟ್ಟುಕೊಳ್ಳಿ.

ನಮ್ಮ ಕಡೆ ಇಂಬಳವೇ ಇಲ್ಲ. ಅದೊಂದು ಭಯಕ್ಕೆ ಮಲೆನಾಡಿನ ಚಾರಣ ಮುಂದೂಡುತ್ತಲೇ ಇದ್ದೇನೆ.
– ಓದುಗರು, ಕಲಬುರಗಿ

ನಿಮ್ಮ ಬಿಸಿಲಲ್ಲಿ ನಾನು ನಡೆಯಲಾರೆ, ನಮ್ಮ ಇಂಬಳಕ್ಕೆ ನೀವು ಹೆದರುತ್ತೀರಿ. ಅದು ಎಲೆಯ ತುದಿಯಲ್ಲಿ ನೂಲಿನ ಹಾಗೆ ನೆಟ್ಟಗೆ ನಿಂತು, ತಲೆ ಆಡಿಸುತ್ತ ನಿಮ್ಮ ಉಸಿರು, ಮೈಬಿಸಿ ಹುಡುಕುತ್ತಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಬಿಟ್ಟುಹೋದ ರಸದಿಂದಾಗಿ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ. ಎಳೆದು ಕೀಳಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ನಮ್ಮಜ್ಜಿ ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಹಚ್ಚುತ್ತಿದ್ದರು. ಇಂಬಳ ಹತ್ತಿರ ಬರುತ್ತಿರಲಿಲ್ಲ, ವಾಸನೆಗೆ ಮನುಷ್ಯರೂ ಬರುತ್ತಿರಲಿಲ್ಲ. ಇಷ್ಟಾದರೂ ಧೈರ್ಯ ಬಾರದಿದ್ದರೆ ಡಿಸೆಂಬರಿನಲ್ಲಿ ಬನ್ನಿ, ನೆಲ ಒಣಗಿರುತ್ತದೆ.

ದಸರಾ ರಜೆಗೆ ಉತ್ತರಾಖಂಡದ ಹೂವಿನ ಕಣಿವೆಗೆ ಹೋಗಬೇಕೆಂದಿದ್ದೇವೆ. ಬ್ರಹ್ಮಕಮಲ ನೋಡಬಹುದೇ?
– ಓದುಗರು, ಹುಬ್ಬಳ್ಳಿ

ಕಣಿವೆ ಇರುತ್ತದೆ, ಹೂವು ಇರುವುದಿಲ್ಲ. ಉದ್ಯಾನ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ ಎಂದು ಓದಿ ಜನ ಮೋಸಹೋಗುವುದೇ ಹೀಗೆ. ಬಾಗಿಲು ತೆರೆದಿರುವುದಕ್ಕೂ ಹೂವು ಬಿಡುವುದಕ್ಕೂ ಸಂಬಂಧವಿಲ್ಲ. ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಹೂವಿನ ಕಾಲ. ಆಗಲೇ ಮಳೆ, ಜೋಶಿಮಠದ ದಾರಿಯಲ್ಲಿ ಗುಡ್ಡ ಕುಸಿಯುವುದೂ ಆಗಲೇ. ಹಾಗಾಗಿ ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಂಡೇ ರೈಲು ಬುಕ್ ಮಾಡಬೇಕು. ಗೋವಿಂದಘಾಟ್ ಕಡೆಯಿಂದ ಘಾಂಗರಿಯಾಕ್ಕೆ ನಡೆದು ಅಲ್ಲಿ ಉಳಿಯುವುದು. ಕಣಿವೆಯೊಳಗೆ ಹಗಲು ಮಾತ್ರ. ಘಾಂಗರಿಯಾದವರೆಗೆ ಕುದುರೆ ಸಿಗುತ್ತದೆ, ಕಣಿವೆಗೆ ಬಿಡುವುದಿಲ್ಲ.

ಬ್ರಹ್ಮಕಮಲ ಸಿಗುವುದು ಹೆಚ್ಚಾಗಿ ಅಲ್ಲಿಂದ ಇನ್ನೂ ಮೇಲೆ, 4,000 ಮೀಟರ್ ದಾಟಿದ ಹೇಮಕುಂಡದ ದಾರಿಯಲ್ಲಿ. ಆದರೆ ನಿಮ್ಮ ಮನೆಯ ಕುಂಡದಲ್ಲಿ ರಾತ್ರಿ ಅರಳಿ, ಪಕ್ಕದ ಮನೆಯವರನ್ನೆಲ್ಲ ಕರೆದು ಆರತಿ ಎತ್ತುತ್ತೀರಲ್ಲ, ಅದು ಇದಲ್ಲ. ಅದು ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ. ಹಿಮಾಲಯದ್ದು ಕಲ್ಲುಸಂದಿಯಲ್ಲಿ ಬೆಳೆಯುವ ಮೊಣಕಾಲೆತ್ತರವೂ ಇಲ್ಲದ ಗಿಡ. ಒಳಗೆ ನೇರಳೆ ಹೂಗೊಂಚಲು, ಸುತ್ತ ಕಾಗದದಂತೆ ತೆಳ್ಳಗಿನ ಹಳದಿ ಮಿಶ್ರಿತ ಹಸಿರು ಹೊದಿಕೆ. ಇದನ್ನು ಹೇಳಿ ನಾನು ನಮ್ಮ ಬೀದಿಯಲ್ಲಿ ಇಬ್ಬರ ಸ್ನೇಹ ಕಳೆದುಕೊಂಡಿದ್ದೇನೆ.

ದಸರಾ ರಜೆಯೇ ಗಟ್ಟಿಯೆಂದರೆ ದಿಕ್ಕು ಬದಲಿಸಿ. ಹಿಮಾಚಲದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನಕ್ಕೆ ಅಕ್ಟೋಬರ್ ಹೇಳಿಮಾಡಿಸಿದ್ದು, ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ. 2014ರಿಂದ ಅದು ವಿಶ್ವ ಪಾರಂಪರಿಕ ತಾಣ. ತೀರ್ಥನ್ ಕಣಿವೆಯ ಗುಶೈನಿಯಿಂದ ಹೊಳೆಯ ಪಕ್ಕದಲ್ಲೇ ದೇವದಾರು ಮರಗಳ ನಡುವೆ ನಡೆಯುವ ದಾರಿ. ಪರವಾನಗಿ ಮೊದಲೇ ಪಡೆಯಬೇಕು. ಇನ್ನೊಂದು ಲಾಭವಿದೆ. ಮೈಸೂರಿನಲ್ಲಿ ಜಂಬೂಸವಾರಿ ಮುಗಿಯುವ ವಿಜಯದಶಮಿಯ ದಿನ ಕುಲ್ಲುವಿನಲ್ಲಿ ದಸರಾ ಶುರುವಾಗುತ್ತದೆ, ಏಳು ದಿನ. ಹಳ್ಳಿಹಳ್ಳಿಯ ದೇವರುಗಳು ಪಲ್ಲಕ್ಕಿಯಲ್ಲಿ ಬರುತ್ತವೆ.

ಮಗಳು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾಳೆ. ಮೇ ತಿಂಗಳಲ್ಲಿ ಹೋಗುತ್ತಿದ್ದೇವೆ. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್ ಎರಡರಲ್ಲಿ ಒಂದೇ ಆಗುವುದು. ನನಗೆ 66, ಯಜಮಾನರಿಗೆ ಮಂಡಿನೋವು.
– ಓದುಗರು, ಮೈಸೂರು

ತಿಂಗಳು ಬರೆದಿದ್ದೀರಿ, ಬಹಳ ಸಂತೋಷ. ಮೇ ಎಂದಮೇಲೆ ಯೋಚನೆಯೇ ಬೇಡ, ಯೊಸೆಮಿಟಿ. ಮಗಳ ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ ಚಿಲ್ಲರೆ. ಗ್ರ್ಯಾಂಡ್ ಕ್ಯಾನ್ಯನ್ ಬೇರೆ ರಾಜ್ಯ.

ಯೊಸೆಮಿಟಿ ಜಲಪಾತ ಮೂರು ಹಂತ ಸೇರಿ 739 ಮೀಟರ್. ನಮ್ಮ ಜೋಗ 253. ಆದರೆ ಅದರ ನೀರೆಲ್ಲ ಹಿಮ ಕರಗಿ ಬರುವುದು, ಮೇ-ಜೂನ್‌ನಲ್ಲಿ ಭೋರ್ಗರೆತ, ಬೇಸಿಗೆ ಕಳೆಯುವಷ್ಟರಲ್ಲಿ ಒಣಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಅಣ್ಣನ ಮಗ ನನ್ನನ್ನು ಕರೆದೊಯ್ದ. ಅದು ಬರಗಾಲದ ವರ್ಷ ಬೇರೆ. ‘ಅತ್ತೆ, ಅದೇ ಫಾಲ್ಸ್’ ಎಂದು ಬೆರಳು ತೋರಿಸಿದ ಕಡೆ ಬಂಡೆಯ ಮೇಲೆ ಒಂದು ಕಪ್ಪು ಗೀರು ಇತ್ತು. ಪಾಪ, ರಜೆ ಹಾಕಿ ಕರೆತಂದಿದ್ದ. ನಾನು ‘ತುಂಬಾ ಚೆನ್ನಾಗಿದೆ’ ಅಂದೆ.

ಮಂಡಿಯವರಿಗೂ ಅಲ್ಲಿ ಎಲ್ಲ ಸಿಗುತ್ತದೆ. ಕೆಳಗಿನ ಜಲಪಾತದ ಸುತ್ತು ಒಂದೂವರೆ ಕಿಲೋಮೀಟರ್ ಸ್ವಲ್ಪ ಮೇಲೆ, ಹೆಚ್ಚುಕಮ್ಮಿ ಸಮತಟ್ಟು. ಟನಲ್ ವ್ಯೂ ಎಂಬಲ್ಲಿ ಕಾರಿನಿಂದ ಇಳಿದು ನಿಂತರೆ ಸಾಕು, ಎಡಕ್ಕೆ ಎಲ್ ಕ್ಯಾಪಿಟಾನ್ ಬಂಡೆ, ಬಲಕ್ಕೆ ಬ್ರೈಡಲ್‌ವೇಲ್ ಎಂಬ ಇನ್ನೊಂದು ಜಲಪಾತ, ನಡುವೆ ದೂರದಲ್ಲಿ ಹಾಫ್ ಡೋಮ್ ಎಂಬ ಬಂಡೆ. ಮಿಸ್ಟ್ ಟ್ರೇಲ್‌ಗೆ ಮಾತ್ರ ಯಜಮಾನರು ಬೇಡ, ಆರುನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು, ಮೇನಲ್ಲಿ ಎಲ್ಲವೂ ನೀರಿನ ಸಿಡಿತಕ್ಕೆ ಒದ್ದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದೇನೆ ಎಂದು ಅವರು ವಾದಿಸಿದರೆ, ಯಾವ ಇಸವಿಯಲ್ಲಿ ಎಂದು ಕೇಳಿ.

ಮುಂದೆಂದಾದರೂ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋದರೆ ನೆನಪಿಡಿ, ಅದು ಆಳದ ಕಮರಿ, ತಲೆಕೆಳಗಾದ ಬೆಟ್ಟ. ಮೊದಲು ಇಳಿಯುವುದು, ಸುಸ್ತಾದ ಮೇಲೆ ಹತ್ತುವುದು. ಇಳಿಯುತ್ತ ಹೋದಂತೆ ಸೆಕೆಯೂ ಏರುತ್ತದೆ. ಮೇಲಿನ ಅಂಚಿನ ದಾರಿಯಲ್ಲೇ ನಡೆದು, ಸಾಕೆನಿಸಿದಲ್ಲಿ ಶಟಲ್ ಬಸ್ಸು ಹತ್ತಿ.

ಒಂದು ಎಚ್ಚರಿಕೆ. ಯೊಸೆಮಿಟಿಯಲ್ಲಿ ಕರಡಿಗಳಿವೆ, ವಾಸನೆ ಹಿಡಿದು ಕಾರಿನ ಬಾಗಿಲನ್ನೇ ಕಿತ್ತ ಉದಾಹರಣೆಗಳಿವೆ. ರಾತ್ರಿ ಕಾರಿನಲ್ಲಿ ತಿನ್ನುವ ಸಾಮಾನು ಇಡುವಂತಿಲ್ಲ, ಅದಕ್ಕೆಂದೇ ಕಬ್ಬಿಣದ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಮಗಳಿಗೆಂದು ಮೈಸೂರಿನಿಂದ ಒಯ್ದ ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬಿ ಎರಡೂ ಆ ಪೆಟ್ಟಿಗೆಗೇ ಹೋಗಬೇಕು. ಡಬ್ಬಿಯ ಮುಚ್ಚಳ ಗಟ್ಟಿಯಿದೆ ಎಂಬ ಮಾತು ಕರಡಿಯ ಹತ್ತಿರ ನಡೆಯುವುದಿಲ್ಲ.