ಅಜ್ಜಿಯ ನಾಲಿಗೆಗೆ ಹೊರಳದ ಹೆಸರು

ಈ ಸಲದ ಪ್ರಶ್ನೋತ್ತರ ಪೂರ್ತಿ ಮಗುವಿನ ಹೆಸರಿನ ಮೇಲೆ. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಅತ್ತೆ-ಸೊಸೆಯರದ್ದೇ. ಗಂಡಸರು ಬರೆದದ್ದು ಕಡಿಮೆ. ಊರಿನ ಹೆಸರು ಮಾತ್ರ ಹಾಕಿದ್ದೇವೆ, ಮನೆಯಲ್ಲಿ ಇನ್ನೊಂದು ಸುತ್ತು ಜಗಳ ಬೇಡ.

ಪ್ರಶ್ನೆ: ಮೊಮ್ಮಗನಿಗೆ ‘ಹೃಧಾನ್’ ಅಂತ ಹೆಸರಿಟ್ಟಿದ್ದಾರೆ. ನನ್ನ ಬಾಯಲ್ಲಿ ಅದು ‘ರುದಾನ’ ಆಗುತ್ತೆ. ಮಗ ಪ್ರತಿ ಸಲ ತಿದ್ದುತ್ತಾನೆ, ಸೊಸೆ ನಗುತ್ತಾಳೆ. ಸುಮ್ನೆ ‘ಪುಟ್ಟಾ’ ಅಂದರೆ ಹೆಸರು ಕೆಡಿಸ್ತೀರಿ ಅಂತಾರೆ. ನಾನು ಏನಂತ ಕರೀಬೇಕು?
— ಒಬ್ಬ ಅಜ್ಜಿ, ಅರಸೀಕೆರೆ

ಪುಟ್ಟ ಅಂತಲೇ ಕರೆಯಿರಿ ಅಮ್ಮ. ಹೆಸರು ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ. ಮನೆಗೊಂದು ಹೆಸರು, ಶಾಲೆಗೊಂದು ಹೆಸರು ಅನ್ನುವುದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ಹಿಂದೆ ಮೊದಲ ಗಂಡುಮಗುವಿಗೆ ತಾತನ ಹೆಸರು ಇಡುತ್ತಿದ್ದರು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಆಡುವ ಹಾಗಿರಲಿಲ್ಲ. ಹಾಗಾದರೆ ಹೆತ್ತ ಮಗನನ್ನು ‘ಏ ರಂಗಪ್ಪಾ, ಊಟಕ್ಕೆ ಬಾರೋ’ ಅಂತ ಕೂಗುವುದು ಹೇಗೆ? ಪುಟ್ಟ, ಕಿಟ್ಟಿ, ಚಿನ್ನು, ಅಪ್ಪಿ ಎಲ್ಲ ಇಂಥ ಇಕ್ಕಟ್ಟಿನಲ್ಲೂ ಕೆಲಸಕ್ಕೆ ಬಂದ ಹೆಸರುಗಳೇ. ಎಷ್ಟೋ ಜನ ರಿಟೈರ್ ಆಗುವವರೆಗೂ ಊರಿಗೆ ಪುಟ್ಟಣ್ಣನೇ. ಅವರ ರೆಕಾರ್ಡಿನ ಹೆಸರು ಊರಿಗೆ ಗೊತ್ತಾಗುವುದು ಮಗಳ ಲಗ್ನಪತ್ರಿಕೆ ಅಚ್ಚಾದಾಗ.

ಇನ್ನು ತಿದ್ದುವ ವಿಷಯ. ನಿಮ್ಮ ಕಡೆ ಹಾಲು ‘ಆಲು’ ಆಗುತ್ತೆ, ಹಸು ‘ಅಸ’ ಆಗುತ್ತೆ. ಅಲ್ಲೇ ಹುಟ್ಟಿ ಬೆಳೆದ ಮಗನಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ‘ಹೃ’ ಇಂದ ಶುರುವಾಗುವ ಹೆಸರು ಹುಡುಕಿದ್ದಾನೆ ಅಂದರೆ ತಪ್ಪು ನಿಮ್ಮ ನಾಲಿಗೆಯದ್ದಲ್ಲ. ಈಗಿನ ಧಾಟಿಯೇ ಹಾಗಿದೆ: ಆರವ್, ವಿಹಾನ್, ಅದ್ವಿಕ್, ರಿಯಾಂಶ್. ಎಲ್ಲವೂ ಕೊನೆಯಲ್ಲಿ ಟಕ್ಕಂತ ನಿಂತುಬಿಡುತ್ತವೆ. ನಾವೋ ಬಸ್ಸು, ಕಾರು, ಬ್ಯಾಂಕು ಅಂತ ಎಲ್ಲಕ್ಕೂ ಒಂದು ಬಾಲ ಅಂಟಿಸಿಕೊಂಡು ಮಾತಾಡುವ ಜನ. ಅದ್ವಿಕ್ ಒಂದು ದಿನ ‘ಅದ್ವಿಕ್ಕು’ ಆದರೆ ಆಕಾಶವೇನೂ ಬೀಳಲ್ಲ.

ಹೆಸರು ಹುಡುಕುತ್ತಿರುವ ಅಪ್ಪ-ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ಮನೆಯ ಹಿರಿಯರ ಕೈಲಿ ಒಮ್ಮೆ ಜೋರಾಗಿ ಕೂಗಿಸಿ. ಹೊಸಿಲಲ್ಲಿ ನಿಂತು ಬೀದಿಯ ಆ ಕೊನೆಯಲ್ಲಿ ಆಡುತ್ತಿರುವ ಹುಡುಗನನ್ನು ಕರೆಯುವ ಹಾಗೆ. ಹೆಸರು ಇಡುವುದು ಒಂದು ದಿನದ ಕೆಲಸ, ಕರೆಯುವವರಿಗೆ ಅದು ದಿನನಿತ್ಯದ ಕೆಲಸ.

ಪ್ರಶ್ನೆ: ತೀರಿಕೊಂಡ ಮಾವನವರ ಹೆಸರು ತಿಪ್ಪೇರುದ್ರಪ್ಪ. ಮಗನಿಗೆ ಅದನ್ನೇ ಇಡಬೇಕು ಅಂತ ಅತ್ತೆ ಹಟ ಹಿಡಿದಿದ್ದಾರೆ. ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳೆಲ್ಲ ಕಿಯಾನ್, ಆರವ್. ಶಾಲೆಯಲ್ಲಿ ಆಡಿಕೊಳ್ಳಲ್ವಾ?
— ಸೊಸೆ, ಬೆಂಗಳೂರು (ಊರು ಚಳ್ಳಕೆರೆ)

ಆಡಿಕೊಳ್ಳುತ್ತಾರೆ. ಸುಳ್ಳು ಯಾಕೆ ಹೇಳಲಿ. ಆದರೆ ಆ ಹೆಸರನ್ನು ಪೂರ್ತಿ ಬಿಡುವ ಮೊದಲು ಅದರಲ್ಲಿ ಏನಿದೆ ಅಂತ ನೋಡಿ. ಚಳ್ಳಕೆರೆಯವರಾದ ನಿಮಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಆ ಕಡೆಯ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇಶರೆಲ್ಲ ಆ ತೇರಿನ ಹಗ್ಗ ಹಿಡಿದ ಮನೆಗಳವರು.

ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ. ಹಳೆಯ ಹೆಸರು ಕೇಳಿದರೆ ಊರು ಕೇಳಬೇಕಾಗಿರಲಿಲ್ಲ. ಗವಿಸಿದ್ದಪ್ಪ ಅಂದರೆ ಕೊಪ್ಪಳ. ಹುಲಿಗೆಮ್ಮ ಅಂದರೆ ತುಂಗಭದ್ರೆಯ ದಂಡೆಯ ಹುಲಿಗಿಗೆ ನಡೆದುಕೊಳ್ಳುವವರು. ಶರಣಬಸಪ್ಪ ಕಲಬುರಗಿ ಕಡೆಯವನು, ಎಲ್ಲಮ್ಮನ ಮನೆಯವರು ಸವದತ್ತಿ ಗುಡ್ಡ ಹತ್ತುವವರು, ನಂಜುಂಡ ನಂಜನಗೂಡಿನ ಹರಕೆಯ ಮಗ, ಮಾದೇವ ಮಲೆ ಮಾದಪ್ಪನ ಒಕ್ಕಲು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರ ಹೆಸರು ಕೇಳಿ, ‘ಓ ನೀವು ಆ ಕಡೆಯವರಾ’ ಅಂತ ಮಾತು ಶುರುಮಾಡಬಹುದಿತ್ತು. ಈಗ ವಿಹಾನ್ ಅಂದರೆ ವಿಜಯಪುರದವನೋ ವಾರಾಣಸಿಯವನೋ ಯಾರು ಕಂಡರು? ಇದರಲ್ಲಿ ಒಂದು ಒಳ್ಳೆಯದೂ ಇದೆ, ಅದನ್ನು ಮರೆಯುವ ಹಾಗಿಲ್ಲ. ಹೆಸರು ಕೇಳಿದ ಕೂಡಲೇ ಊರು ಗೊತ್ತಾಗುತ್ತಿತ್ತು ಅಂದೆನಲ್ಲ, ಜಾತಿಯೂ ಗೊತ್ತಾಗುತ್ತಿತ್ತು. ಅದು ಗೊತ್ತಾಗದಿರಲಿ ಅಂತಲೇ ‘ಆರವ್’ ಇಟ್ಟವರ ಮೇಲೆ ನನ್ನ ತಕರಾರಿಲ್ಲ.

ನಿಮ್ಮ ಸಮಸ್ಯೆಗೆ ಕೊಡವರ ದಾರಿ ಹಿಡಿಯಿರಿ. ರೋಹನ್ ಬೋಪಣ್ಣ, ಅಶ್ವಿನಿ ಪೊನ್ನಪ್ಪ ನೋಡಿ. ಮುಂದಿನದ್ದು ಹೊಸಕಾಲದ್ದು, ಹಿಂದಿನದ್ದು ಹಳೆಯದು. ಅವರಿಬ್ಬರಿಗೆ ಅದು ಅಪ್ಪನ ಹೆಸರು, ನೀವು ತಾತನ ಹೆಸರು ಸೇರಿಸಿ. ಅಥವಾ ‘ರುದ್ರ’ ಅಂತಲೇ ಇಡಿ. ಈಗ ಅದೇ ಫ್ಯಾಶನ್ನು. ಅತ್ತೆಗೆ ಗಂಡನ ಹೆಸರು ಅರ್ಧ ಸಿಕ್ಕಿತು, ನಿಮಗೆ ಅಪಾರ್ಟ್‌ಮೆಂಟಿನ ಮರ್ಯಾದೆ ಉಳಿಯಿತು.

ಪ್ರಶ್ನೆ: ಮಗಳದ್ದು ಆರ್ದ್ರಾ ನಕ್ಷತ್ರ, ಮೂರನೇ ಪಾದ. ಜೋಯಿಸರು ‘ಙ’ ಅಕ್ಷರ ಬಂದಿದೆ ಅಂದರು. ಆ ಅಕ್ಷರದಲ್ಲಿ ಯಾವ ಹೆಸರು ಇಡೋದು ಸ್ವಾಮಿ?
— ಒಬ್ಬ ತಂದೆ, ಧಾರವಾಡ

ಇಡಲು ಆಗಲ್ಲ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಪಾದಕ್ಕೂ ಅಕ್ಷರ ಹಂಚಿದ್ದಾರೆ. ಆರ್ದ್ರೆಗೆ ಕು, ಘ, ಙ, ಛ. ಹಸ್ತದವರಿಗೆ ‘ಣ’ ಬರುತ್ತೆ, ಉತ್ತರಾಭಾದ್ರದವರಿಗೆ ‘ಞ’ ಬರುತ್ತೆ. ಇಂಥ ಅಕ್ಷರ ಸಿಕ್ಕವರು ಹತ್ತಿರದ ಅಕ್ಷರಕ್ಕೆ ಹಾರಿಕೊಳ್ಳುವುದು ರೂಢಿ: ಙ ಇದ್ದರೆ ಗ, ಣ ಇದ್ದರೆ ನ. ಗೌರಿ, ಗಾನವಿ, ಗಂಗಾ, ಯಾವುದು ಬೇಡ ಹೇಳಿ?

ಶಾಸ್ತ್ರ ನೋಡುವವರಿಗೆ ಇನ್ನೊಂದು ಮಾತು. ದೇವರ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ವ್ಯವಹಾರದ ಹೆಸರು ಅಂತ ನಾಲ್ಕು ಬಗೆ ಶಾಸ್ತ್ರದಲ್ಲೇ ಇದೆ. ನಕ್ಷತ್ರದ ಹೆಸರು ಪೂಜೆ-ಸಂಕಲ್ಪಕ್ಕೆ ಇರಲಿ. ವ್ಯವಹಾರದ ಹೆಸರು ಅಂದರೆ ರೇಶನ್ ಕಾರ್ಡಿನ ಹೆಸರು, ಅದನ್ನು ನಿಮಗೆ ಬೇಕಾದ್ದು ಇಡಿ. ಹೇಗೂ ತೊಟ್ಟಿಲ ದಿನ ಕಿವಿಯಲ್ಲಿ ‘ಕುರ್ರ್’ ಅಂತ ಹೆಸರು ಹೇಳುವವಳು ಸೋದರತ್ತೆ, ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಜೋಯಿಸರಿಗಿಂತ ಮೊದಲು ಅವಳನ್ನು ಒಂದು ಮಾತು ಕೇಳಬೇಕಿತ್ತು ಅಲ್ವಾ?

ಪ್ರಶ್ನೆ: ನನ್ನ ಗಂಡ ಅಪ್ಪು ಅಭಿಮಾನಿ. ಮಗನಿಗೆ ಪುನೀತ್ ಅಂತಲೇ ಇಡಬೇಕಂತೆ. ನಮ್ಮ ಬೀದಿಯಲ್ಲೇ ಪುಟಾಣಿ ಪುನೀತ್‌ಗಳು ಇದ್ದಾರೆ.
— ಮಂಡ್ಯ

2021ರ ಅಕ್ಟೋಬರ್ ನಂತರ ಹುಟ್ಟಿದ ಮಕ್ಕಳು ಶಾಲೆ ಸೇರುವ ಕಾಲ ಇದು, ಹಾಜರಿ ಕೂಗುವಾಗ ಟೀಚರುಗಳಿಗೆ ಕಷ್ಟ ಇದೆ. ನಿಮ್ಮ ಯಜಮಾನರಿಗೆ ಒಂದು ದಾರಿ ತೋರಿಸಿ. ಪುನೀತ್‌ಗೆ ಹುಟ್ಟಿದಾಗ ಇಟ್ಟ ಹೆಸರು ಲೋಹಿತ್. ಅವರ ಅಪ್ಪ ರಾಜ್‌ಕುಮಾರ್ ಆಗುವ ಮೊದಲು ಮುತ್ತುರಾಜ. ಲೋಹಿತ್ ಅಂತ ಇಟ್ಟರೆ ಅಭಿಮಾನಕ್ಕೂ ಕೊರತೆಯಿಲ್ಲ, ಬೀದಿಯಲ್ಲಿ ಗೊಂದಲವೂ ಇಲ್ಲ. ಮುತ್ತುರಾಜ ಇಟ್ಟರಂತೂ ಆ ಧೈರ್ಯಕ್ಕೆ ನನ್ನದೊಂದು ಸಲಾಮು.

ಪ್ರಶ್ನೆ: ಮಗುವಿಗೆ ಐದು ತಿಂಗಳು. ನಾನೊಂದು ಹೆಸರು, ಅವರೊಂದು ಹೆಸರು. ಇನ್ನೂ ‘ಪಾಪು’ ಅಂತಲೇ ಕರೆಯುತ್ತಿದ್ದೇವೆ. ಕೊನೆಯ ಮಾತು ಯಾರದ್ದು?
— ತಾಯಿ, ದಾವಣಗೆರೆ

ಕೊನೆಯ ಮಾತು ಕೋರ್ಟಿನದ್ದು ಆಗದಿರಲಿ. ತಮಾಷೆಗೆ ಹೇಳುತ್ತಿಲ್ಲ. ಮೈಸೂರು ಜಿಲ್ಲೆಯ ಹುಣಸೂರಿನ ಒಂದು ದಂಪತಿ ಮಗನ ಹೆಸರಿಗೇ ಮುನಿಸಿಕೊಂಡು ದೂರವಾಗಿ, ಜಗಳ ಕೋರ್ಟಿನವರೆಗೆ ಹೋಗಿ, 2024ರ ಡಿಸೆಂಬರಿನಲ್ಲಿ ನ್ಯಾಯಾಧೀಶರ ಮುಂದೆ ಮಗುವಿಗೆ ಹೆಸರಾಯಿತು. ಆಗ ಮಗುವಿಗೆ ಮೂರು ವರ್ಷ. ಗಂಡ-ಹೆಂಡತಿ ಅಲ್ಲೇ ಹಾರ ಬದಲಾಯಿಸಿಕೊಂಡು ಒಂದಾದರು ಅನ್ನುವುದು ಸಮಾಧಾನ.

ನನ್ನ ಅಭಿಪ್ರಾಯ ಕೇಳಿದಿರಿ, ಹೇಳುತ್ತೇನೆ. ಹೆಸರಿನ ಹಿಂದೆ ಅಪ್ಪನ ಇನಿಷಿಯಲ್ಲೋ ಮನೆತನದ ಹೆಸರೋ ಹೇಗೂ ಬಂದು ಕೂರುತ್ತೆ. ಆ ಕಡೆಯ ಪಾಲು ಅಲ್ಲಿಗೆ ಸಂದಾಯವಾಯಿತು. ಹೆಸರಾದರೂ ಹೆತ್ತವಳ ಇಷ್ಟದ್ದಿರಲಿ. ಇಬ್ಬರ ಹೆಸರಿನ ಅಕ್ಷರ ಕಿತ್ತು ಜೋಡಿಸಿ ಹೊಸದೊಂದು ಹುಟ್ಟಿಸುವ ರಾಜಿಗೆ ಮಾತ್ರ ಹೋಗಬೇಡಿ. ಸುರೇಶ-ಮಮತಾ ಸೇರಿ ‘ಸುಮ’ ಆದರೆ ಚೆಂದ, ಎಲ್ಲರ ಅದೃಷ್ಟ ಹಾಗಿರಲ್ಲ.

ಪ್ರಶ್ನೆ: ಅಚ್ಚಗನ್ನಡದ ಹೆಸರು ಇಡೋಣ ಅಂತಿದ್ದೇವೆ. ಚೆನ್ನಾಗಿರುತ್ತಾ?
— ಶಿವಮೊಗ್ಗ

ಚೆನ್ನಾಗಿರುತ್ತೆ. ಇಬ್ಬನಿ, ನೇಸರ. ಎರಡೂ ಯಾರ ಬಾಯಲ್ಲೂ ಕೆಡಲ್ಲ. ಆದರೆ ಸಂಸ್ಕೃತದ್ದೆಲ್ಲ ಬೇಡ ಅಂತ ಹಟ ಮಾಡಬೇಡಿ. ನಿಮ್ಮ ಜಿಲ್ಲೆಯವರೇ ಆದ ಕುವೆಂಪು ಮಕ್ಕಳಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿ ತಮ್ಮ ಮಕ್ಕಳಿಗೆ ಸುಸ್ಮಿತಾ, ಈಶಾನ್ಯೆ ಅಂದರು. ಸಂಸ್ಕೃತದ್ದಾದರೂ ಈಶಾನ್ಯೆ ಅನ್ನುವಾಗ ಅದು ಕನ್ನಡವೇ ಆಗಿಬಿಡುತ್ತದೆ.

ನನಗೆ ಕಿರಿಕಿರಿಯಾಗುವುದು ಮೊಬೈಲಿನಲ್ಲಿ ಸಿಗುವ ಅರ್ಥಗಳನ್ನು ಕಂಡರೆ. ‘ಆರವ್’ ಅಂದರೆ ಶಾಂತ ಅಂತ ಎಷ್ಟೋ ಕಡೆ ಹಾಕಿದ್ದಾರೆ. ನಿಘಂಟು ತೆಗೆದರೆ ಆರವ ಅಂದರೆ ಸದ್ದು, ಕೂಗು. ಎರಡು ವರ್ಷದ ಗಂಡುಮಗು ಇರುವ ಮನೆಯವರು ನಿಘಂಟಿನ ಪರವಾಗಿಯೇ ಸಾಕ್ಷಿ ಹೇಳುತ್ತಾರೆ ಬಿಡಿ.

ಪ್ರಶ್ನೆ: ಗೂಗಲ್, ಹೈಕೋರ್ಟ್, ಮೈಸೂರ್ ಪಾಕ್ ಅಂತೆಲ್ಲ ಹೆಸರಿಡುವ ಜನ ಇದ್ದಾರಂತೆ. ನಿಜವಾ?
— ತುಮಕೂರು

ನಿಜ. ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಜನ. ಹಕ್ಕಿ ಹಿಡಿಯುತ್ತ ಅಲೆಯುತ್ತಿದ್ದವರು ಒಂದೆಡೆ ನೆಲೆ ನಿಂತ ಮೇಲೆ, ಕಂಡದ್ದು ಕೇಳಿದ್ದು ಮೆಚ್ಚಿದ್ದನ್ನೆಲ್ಲ ಮಕ್ಕಳಿಗೆ ಇಟ್ಟರು. ನಗುವುದು ಯಾಕೆ? ಕಂಪ್ಯೂಟರಿನಲ್ಲಿ ಹುಡುಕಿ ಎಲ್ಲಿಯದೋ ಹೆಸರು ತರುವವರಿಗಿಂತ, ಇಷ್ಟವಾದ ಸಿಹಿತಿಂಡಿಯ ಹೆಸರಿಟ್ಟವರೇ ನೇರ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ, ಬಾಣಂತನಕ್ಕೆ ಹೆಂಡತಿ ಊರಿಗೆ ಹೋಗಿದ್ದಾಳೆ. ಮಗುವಿನ ಹೆಸರು ಇನ್ನೂ ಆಗಿಲ್ಲ. ಜನನ ಪ್ರಮಾಣಪತ್ರಕ್ಕೆ ತೊಂದರೆಯಾ? ಸರ್‌ನೇಮ್ ಏನು ಹಾಕಲಿ? ನನಗಿರುವುದು ಬರೀ ಇನಿಷಿಯಲ್.
— ಡಲ್ಲಾಸ್

ಮೊದಲು ಜನನ ನೋಂದಣಿ. ಅದು 21 ದಿನದೊಳಗೆ ಆಗಬೇಕು, ಹೆಸರಿಲ್ಲದೆಯೂ ಆಗುತ್ತೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ. ಆದರೆ ಎಳೆಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಆ ಪ್ರಮಾಣಪತ್ರವೇ ಆಧಾರ. ಒಮ್ಮೆ ಬರೆಸಿದ ಹೆಸರು ಬದಲಾಯಿಸುವುದು ಸುಲಭವಲ್ಲ. ಜ್ಯೋತಿಷಿ ಮಾತಿಗೆ ಮಗನ ಹೆಸರು ಬದಲಿಸಹೊರಟ ಒಂದು ದಂಪತಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. 2025ರಲ್ಲಿ ಕೋರ್ಟು ಅವರಿಗೆ ಅವಕಾಶ ಕೊಟ್ಟಿತು, ಆದರೆ ಪ್ರಮಾಣಪತ್ರದಲ್ಲಿ ಹಳೆಯ ಹೆಸರೂ ಹೊಸದೂ ಎರಡೂ ಇರಬೇಕು ಅಂದಿತು.

ಇನಿಷಿಯಲ್ ವಿಷಯ. ಕೆ.ಎಲ್. ರಾಹುಲ್ ಅಂದರೆ ಕಣ್ಣೂರು ಲೋಕೇಶ್ ರಾಹುಲ್. ಊರು, ಅಪ್ಪ, ಆಮೇಲೆ ಹುಡುಗ. ನಮ್ಮ ಈ ಲೆಕ್ಕ ಹೊರದೇಶದ ಫಾರಂಗಳಿಗೆ ಅರ್ಥವಾಗಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾ ಮೇಲೆ ಪ್ರವೇಶವಿಲ್ಲ ಅಂತ ಯುಎಇ 2022ರಲ್ಲಿ ಹೇಳಿತ್ತು. ನಿಮ್ಮ ದೇಶದ ವೀಸಾದಲ್ಲಂತೂ ಮೊದಲ ಹೆಸರಿನ ಜಾಗ ಖಾಲಿ ಇದ್ದರೆ ‘ಎಫ್‌ಎನ್‌ಯು’ ಅಂತ ಅಚ್ಚಾಗುತ್ತೆ, ಹೆಸರು ಗೊತ್ತಿಲ್ಲ ಅಂತ. ಆದ್ದರಿಂದ ಇನಿಷಿಯಲನ್ನು ಬಿಡಿಸಿ ಪೂರ್ತಿ ಬರೆಸಿ. ಅಪ್ಪನ ಹೆಸರೋ ಊರಿನ ಹೆಸರೋ ಒಂದು ನಿರ್ಧಾರ ಮಾಡಿ, ಮುಂದೆ ಇನ್ನೊಂದು ಮಗುವಾದರೆ ಅದಕ್ಕೂ ಅದನ್ನೇ ಹಾಕಿ. ಇಂಗ್ಲಿಷ್ ಸ್ಪೆಲಿಂಗನ್ನು ನೀವೇ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹೆಂಡತಿಗೆ ಕಳಿಸಿ. ನೋಂದಣಿಗೆ ಹೋಗುವ ಬಾವಮೈದನ ಕೈಗೆ ಆ ಚೀಟಿ ಕೊಡಿಸಿ, ಬಾಯಿಮಾತಿನಲ್ಲಿ ಹೇಳಬೇಡಿ.