641ರಿಂದ ಭಾಗಿಸಿ ನೋಡಿದಿರಾ?

ಪತ್ರ: “4294967297 ಅವಿಭಾಜ್ಯವೇ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೀರಿ. ಮೊಬೈಲ್‌ನಲ್ಲಿ ಹಾಕಿದರೆ 641 × 6700417 ಎಂದು ಕ್ಷಣದಲ್ಲಿ ಬರುತ್ತದೆ. ಇಷ್ಟಕ್ಕೆ ಮಕ್ಕಳ ತಲೆ ಯಾಕೆ ತಿನ್ನುತ್ತೀರಿ?”

ಉತ್ತರ: ಮೊಬೈಲ್ ಕೊಟ್ಟ ಉತ್ತರ ಸರಿ, ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಸ್ವಾಮಿ, 641ರ ಹತ್ತಿರ ಹೋಗುವ ದಾರಿಯನ್ನು ಅದು ತೋರಿಸಿತೇ?

ಈ ಸಂಖ್ಯೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. 32ರ ಬದಲು 1, 2, 4, 8, 16ನೇ ಘಾತ ಹಿಡಿದರೆ ಬರುವ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಎಂದು 1640ರ ಹೊತ್ತಿಗೆ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 641 ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿದ. ಆಮೇಲೆ ಕಾರಣವನ್ನೂ ಕೊಟ್ಟ: ಇದರ ಯಾವ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೂ ಶೇಷ 1 ಬರಲೇಬೇಕು.

ಈಗ ಕಾಗದ ತೆಗೆದುಕೊಳ್ಳಿ. 65, 129, 193, 257... ಎಂದು 64 ಕೂಡಿಸುತ್ತ ಹೋಗಿ, ಅವಿಭಾಜ್ಯವಲ್ಲದ್ದನ್ನು ಹೊಡೆದುಹಾಕಿ. ಉಳಿಯುವುದು 193, 257, 449, 577, 641. ಐದನೆಯದಕ್ಕೇ ಉತ್ತರ! 2, 3, 5 ಎಂದು ಸಾಲಾಗಿ ಹೋದವನಿಗೆ 641 ಸಿಗುವುದು 116ನೆಯದಾಗಿ. 1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ 64ರ ಜಾಗಕ್ಕೆ 128 ತಂದ ಮೇಲೆ 641ರವರೆಗೆ ಉಳಿಯುವುದು 257 ಮತ್ತು 641, ಎರಡೇ.

ಭಾಗಿಸುವಾಗ ಒಂದು ಕಡೆ ಎಚ್ಚರ ಬೇಕು. 6 ಮತ್ತು 7 ಬರೆದ ಮೇಲೆ ಶೇಷ 2 ಉಳಿಯುತ್ತದೆ. 6 ಇಳಿಸಿದರೆ 26, 7 ಇಳಿಸಿದರೆ 267. ಎರಡರಲ್ಲೂ 641 ಹೋಗುವುದಿಲ್ಲ, ಎರಡಕ್ಕೂ ಭಾಗಲಬ್ಧದಲ್ಲಿ ಸೊನ್ನೆ ಹಾಕಬೇಕು. ಮರೆತವರಿಗೆ 6700417ರ ಬದಲು 67417 ಬರುತ್ತದೆ.

ಭಾಗಿಸದೆಯೂ ಸಾಧಿಸಬಹುದು, ನನಗೆ ಅದೇ ಹೆಚ್ಚು ಇಷ್ಟ. 641 ಎಂದರೆ 5 × 128 + 1. 625 + 16, ಅಂದರೆ 5⁴ + 2⁴ ಕೂಡ ಹೌದು. ಮೊದಲನೆಯದರಿಂದ, 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ −1 (641ಕ್ಕೆ ಒಂದು ಕಡಿಮೆ). ಅದರ ನಾಲ್ಕನೇ ಘಾತ 5⁴ × 2²⁸, ಅದರ ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1, ಅಂದರೆ 2³² + 1ರ ಶೇಷ ಸೊನ್ನೆ. ಎಂಟನೇ ತರಗತಿಯ ಹುಡುಗಿ ಇದನ್ನು ತಾನೇ ಬಿಡಿಸಿದರೆ ಆಗುವ ಖುಷಿ ಯಾವ ಗುಂಡಿ ಒತ್ತಿದರೂ ಸಿಗದು.

ಯಂತ್ರವನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಂಪ್ಯೂಟರ್‌ನ 32 ಬಿಟ್‌ಗಳ (0 ಅಥವಾ 1 ಹಿಡಿಯುವ ಮನೆಗಳ) ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ 4294967295. ನಮ್ಮ ಸಂಖ್ಯೆಯನ್ನು ಅಲ್ಲಿ ತುರುಕಿದರೆ ಉಳಿಯುವುದು 1. ಬರೆದವನಿಗೆ ಇದು ಗೊತ್ತಿಲ್ಲದಿದ್ದರೆ ಪ್ರೋಗ್ರಾಂ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ.

ನನ್ನ ತಕರಾರು ನಿಮ್ಮೊಬ್ಬರ ಮೇಲಲ್ಲ. ಉತ್ತರಕ್ಕಷ್ಟೇ ಅಂಕ ಕೊಡುವ ಪರೀಕ್ಷೆ, ಸಾಧನೆ ಬಿಟ್ಟು ಶಾರ್ಟ್‌ಕಟ್ ಮಾರುವ ಕೋಚಿಂಗ್, ಎರಡೂ ಸೇರಿ “ಯಾಕೆ” ಎಂದು ಕೇಳುವ ಮಕ್ಕಳ ಬಾಯಿ ಕಟ್ಟಿವೆ. ಗಣಿತ ಪುಟವನ್ನು ನಾವು ನಿಲ್ಲಿಸುವುದಿಲ್ಲ.

ನಿಮಗೊಂದು ಕೆಲಸ ಕೊಡುತ್ತೇನೆ. 6700417 ಅವಿಭಾಜ್ಯವೆಂದು ತೋರಿಸಿ. ಅದರ ವರ್ಗಮೂಲ 2589ಕ್ಕಿಂತ ಕಡಿಮೆ. ಅದರ ಅಪವರ್ತನಗಳು ನಮ್ಮ ಸಂಖ್ಯೆಯವೂ ಹೌದಾದ್ದರಿಂದ 128ರ ನಿಯಮ ಹಿಡಿದರೆ ಪರೀಕ್ಷಿಸಬೇಕಾದವು 257, 641, 769, 1153, 1409 ಮಾತ್ರ. ಐದು ಭಾಗಾಕಾರ. ಮೊಬೈಲ್ ಬದಿಗಿಟ್ಟು ಮಾಡಿ, ಶೇಷಗಳನ್ನು ಬರೆದು ಕಳಿಸಿ.

— ಸಂ.